ಪಕ್ಕದ ಸೀಟಿನ ವಿದ್ಯಾರ್ಥಿ

ಪಿಯುಸಿ ಮುಗಿಸಿ ನೇರ ಐಟಿ ಕಂಪನಿ ಸೇರಿ, ಕೆಲಸ ಮಾಡ್ತಾನೇ ಡಿಗ್ರಿ ಓದೋರು ನಿಮ್ಮ ಟೀಮಲ್ಲೂ ಇರಬಹುದು. ಎಚ್‌ಸಿಎಲ್‌ನ ಟೆಕ್‌ಬೀ ಥರದ ಯೋಜನೆಗಳು ಇರೋದೇ ಇದಕ್ಕೆ. ಸಂಬಳವೂ ಉಂಟು, ಓದೂ ಉಂಟು. ನೋಡೋರಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗೆ!

ಆದರೆ ಓದೋದು ಯಾವಾಗ? ಇಂಗ್ಲೆಂಡಿನಲ್ಲಿ 2015ರಲ್ಲಿ ಶುರುವಾದ ಡಿಗ್ರಿ ಅಪ್ರೆಂಟಿಸ್‌ಶಿಪ್‌ನಲ್ಲಿ ಫೀಸು ಕಂಪನಿ ಮತ್ತು ಸರ್ಕಾರದ್ದು. ಕಲಿಕೆಗೆ ಸಂಬಳದ ಅವಧಿಯೊಳಗೇ ಸಮಯ ಕೊಡಬೇಕು ಅನ್ನೋದು ನಿಯಮ. ನಮ್ಮಲ್ಲಿ ಓದು ಬಹುಮಟ್ಟಿಗೆ ವಾರಾಂತ್ಯದ ಪಾಲು.

ಶನಿವಾರ ರಿಲೀಸ್ ಇಟ್ಟರೆ ಅವರ ಕ್ಲಾಸ್ ಹೋಯ್ತು. ಹದಿನೆಂಟರ ಹುಡುಗಿ ‘ಆಗಲ್ಲ ಸಾರ್’ ಅನ್ನೋಕೆ ಹೆದರ್ತಾಳೆ, ಸುಮ್ನೆ ತಲೆಯಾಡಿಸ್ತಾಳೆ. ಹೀಗೇ ಸೆಮಿಸ್ಟರ್‌ಗಳು ಬಾಕಿ ಬಿದ್ದರೆ ಕೊನೆಗೆ ಅನುಭವ ಇರುತ್ತೆ, ಡಿಗ್ರಿ ಇರಲ್ಲ. ಕೆಲಸ ಬದಲಿಸೋಕೆ ಹೋದಾಗ ಎಷ್ಟೋ ಕಡೆ ಅದನ್ನೇ ಮೊದಲು ಕೇಳ್ತಾರೆ.

ಸೇರೋರು ಸಹಿ ಹಾಕೋ ಮುಂಚೆ ಕೇಳಿ: ಓದಿಗೆ ವಾರಕ್ಕೆ ಎಷ್ಟು ಗಂಟೆ? ಪರೀಕ್ಷೆಗೆ ರಜೆ ಎಷ್ಟು? ನಡುವೆ ಬಿಟ್ಟರೆ ಕಟ್ಟಬೇಕಾದ ಹಣವೆಷ್ಟು? ಉತ್ತರ ಬರಹದಲ್ಲೇ ಇರಲಿ.

ಸೀನಿಯರ್‌ಗಳೇ, ಅವರ ಪರೀಕ್ಷೆ ದಿನಾಂಕಗಳನ್ನ ಟೀಮ್ ಕ್ಯಾಲೆಂಡರ್‌ಗೆ ಇವತ್ತೇ ಹಾಕಿ. ರಿಲೀಸ್ ಪ್ಲ್ಯಾನ್ ಆಮೇಲೆ ಮಾಡಿದ್ರಾಯ್ತು.