ಮಣ್ಣು ಉಳಿಸುವ ಪಾಠ

ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ನಮ್ಮ ಕಾಸರಗೋಡಿನಲ್ಲಿ ಮಣ್ಣಿನ ಸವಕಳಿಯನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಇದು ಸಾಲದು. ಮೂರು ಬಿದಿರಿನ ಕೋಲು, ತೂಗುಬಿಡಲು ಒಂದು ಹಗ್ಗ, ಒಂದು ಕಲ್ಲು ಇದ್ದರೆ ಗುಡ್ಡೆಯ ಇಳಿಜಾರಿನಲ್ಲಿ ಸಮಮಟ್ಟದ ಗೆರೆ ಗುರುತಿಸಬಹುದು. ಆ ಗೆರೆಯುದ್ದಕ್ಕೂ 10-15 ಸೆಂಟಿಮೀಟರ್ ಅಂತರದಲ್ಲಿ ಲಾವಂಚ ನೆಟ್ಟರೆ ಅದರ ಬೇರು ಮೂರು ಮೀಟರಿನವರೆಗೂ ಇಳಿಯಬಲ್ಲುದು. ಮೇಲಿನ ಹುಲ್ಲು ನೀರಿನ ಓಟ ತಗ್ಗಿಸಿ ಮಣ್ಣನ್ನು ಹಿಡಿದಿಡುವುದು. ಬೇರೂರುವ ತನಕ ಅಡಿಕೆ ಸೋಗೆ ಹಾಸಿದರಾಯಿತು; ತೋಟವುಳ್ಳ ಮನೆಗಳಲ್ಲಿ ಅದಕ್ಕೇನು ಬರವೇ? ಆದರೆ ಜೆ.ಸಿ.ಬಿ. ತಂದು ಗುಡ್ಡೆಯನ್ನು ನೆಟ್ಟಗೆ ಕಡಿದ ಮೇಲೆ ಹುಲ್ಲು ನೆಟ್ಟು ಕುಸಿತ ತಡೆಯುವೆವೆಂದರೆ ಅದು ಆಗದ ಮಾತು.

ಮಕ್ಕಳು ಬಂದದ್ದು ಓದಲು, ಮಣ್ಣು ಅಗೆಯಲು ಅಲ್ಲ ಎನ್ನುವ ಹೆತ್ತವರಲ್ಲಿ ನಮ್ಮ ವಿನಂತಿ: ಜೂನ್ ತಿಂಗಳಲ್ಲಿ ವಾರಕ್ಕೊಂದು ತಾಸು ಬಿಟ್ಟುಕೊಡಿ. ಕಟ್ಟಪುಣಿ ಕಟ್ಟಬಲ್ಲ ಅಜ್ಜಂದಿರು ಮನೆಯಲ್ಲಿದ್ದರೆ ಅವರನ್ನೂ ಶಾಲೆಗೆ ಕಳುಹಿಸಿ.