ದೊಡ್ಡ ಟ್ರ್ಯಾಕ್ಟರ್ ಅಂಗಳದಾಗ, ಪೈಪು ಹೆಗಲ ಮ್ಯಾಲ

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12 ಪರ್ಸೆಂಟಿನಿಂದ 5 ಪರ್ಸೆಂಟಿಗೆ ಇಳಿಯಿತು. ಅಂದಿನಿಂದ ಜತ್ತ ತಾಲ್ಲೂಕಿನ ನಮ್ಮ ಕನ್ನಡ ಹಳ್ಳಿಗಳ ಕಟ್ಟೆಯ ಮೇಲೆ ಟ್ರ್ಯಾಕ್ಟರ್ ಮಾತೇ ಮಾತು. ಉಳಿದ ರೊಕ್ಕದಲ್ಲಿ ಒಂದು ಸೈಜು ಮೇಲಿನ ಗಾಡಿ ತಗೊಳ್ಳಿರಿ ಎಂದು ಶೋರೂಮಿನವರು ಹೇಳುತ್ತಾರೆ. ನಮ್ಮವರಿಗೂ ಅದೇ ಬೇಕಾಗಿರುತ್ತದೆ. ಹೊಸ ಗಾಡಿ ಊರೊಳಗೆ ಬಂದ ದಿನ ಪೂಜೆಗೆ ನಿಂತವರು ಕೇಳುವ ಮೊದಲ ಪ್ರಶ್ನೆ "ಎಷ್ಟ ಎಚ್‌ಪಿ ಐತ್ರಿ?" ಎಂಬುದೇ. ನಿನ್ನ ಸಾಲಿನಾಗ ಹೋಗ್ತದೇನು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ನನ್ನ ಸೋದರಮಾವನನ್ನೂ ಯಾರೂ ಕೇಳಲಿಲ್ಲ. 2018ರಲ್ಲಿ ಅವರು 45 ಎಚ್‌ಪಿ ಗಾಡಿ ತಂದರು. ಇರುವುದು ಮೂರು ಎಕರೆ ದ್ರಾಕ್ಷಿ ಪಡ, ಒಂದಿಷ್ಟು ಜೋಳದ ಹೊಲ. ಕೊಟೇಶನ್ ಬರೆದ ಹುಡುಗ "ಮೋಠಾಚ ಘ್ಯಾ ಮಾಮಾ" ಅಂದ. ದೊಡ್ಡದನ್ನೇ ತಗೊಳ್ಳಿರಿ ಎಂದರ್ಥ. ಮಾವ ಕನ್ನಡ ಶಾಲೆಯಲ್ಲಿ ಓದಿದವರು, ಸಾಲದ ಕಾಗದ ಪೂರಾ ಮರಾಠಿ ಮತ್ತು ಇಂಗ್ಲಿಷ್. ಸಹಿ ಮಾಡಿದ ಮೇಲೆ ನನ್ನ ಕೈಗೆ ಕೊಟ್ಟು ಓದಿಸಿದರು.

ಪಡದಲ್ಲಿ ಸಾಲಿನಿಂದ ಸಾಲಿಗೆ 9 ಅಡಿ. ಆ ಗಾಡಿಯ ಅಗಲ ಸುಮಾರು ಆರು ಅಡಿ. ಕಾಗದದ ಮೇಲೆ ಮೂರು ಅಡಿ ಉಳಿಯುತ್ತದೆ. ಆದರೆ ಕಂಬದ ಎರಡೂ ಕಡೆ ಚಾಚಿದ ಕೋಲುಗಳು, ಅದರ ಮೇಲೆ ತಂತಿ, ತಂತಿಯ ಮೇಲೆ ಜೋತುಬಿದ್ದ ಬಳ್ಳಿ, ಇವೆಲ್ಲ ಸೇರಿ ನಡುವೆ ಖಾಲಿ ಇರುವುದು ಐದು ಅಡಿಯೂ ಇಲ್ಲ. ಮೇಲಕ್ಕೆ ನೆಟ್ಟಗೆ ನಿಂತ ಸೈಲೆನ್ಸರ್ ಎಲೆಗಳನ್ನು ಸುಡುತ್ತದೆ. ಸಾಲಿನ ಕಡೆಗೆ ಕೊನೆಯ ಕಂಬವನ್ನು ಎಳೆದು ಕಟ್ಟಿದ ತಾಣಿನ ತಂತಿ ಇರುತ್ತದಲ್ಲ, ಅಲ್ಲಿ ಗಾಡಿ ತಿರುಗಲೇ ಇಲ್ಲ. ಎರಡು ಸಲ ಪ್ರಯತ್ನಿಸಿ ಒಂದು ಕಂಬ ಮುರಿದ ಮೇಲೆ ಗಾಡಿ ಅಂಗಳ ಸೇರಿತು.

2019ರ ಅಕ್ಟೋಬರ್-ನವೆಂಬರಿನ ಅಕಾಲಿಕ ಮಳೆ ದ್ರಾಕ್ಷಿಯವರಾರೂ ಮರೆತಿಲ್ಲ. ಅಕ್ಟೋಬರ್ ಛಾಟಣಿ ಮುಗಿದು ಚಿಗುರು, ಹೂ ಇರುವ ಹೊತ್ತಿಗೆ ಮಳೆ ಹೊಡೆದರೆ ಡೌನಿ ರೋಗ ಕಾಯುವುದಿಲ್ಲ. ಎಲೆ ಆರಿದ ಕೂಡಲೇ ಔಷಧಿ ಬೀಳಬೇಕು. ಬಾಡಿಗೆಯ ಬ್ಲೋವರ್ ಅಂದು ಯಾರಿಗೂ ಸಿಗಲಿಲ್ಲ, ಯಾಕೆಂದರೆ ಎಲ್ಲರಿಗೂ ಅದೇ ದಿನ ಬೇಕು. ಸಾಲ ಮಾಡಿ ತಂದ ಟ್ರ್ಯಾಕ್ಟರ್ ಅಂಗಳದಲ್ಲಿ ನಿಂತಿತ್ತು. ಮಾವ ಮತ್ತು ಅವರ ಮಗ ಹೆಗಲ ಮೇಲೆ ಪೈಪು ಹೊತ್ತು ಕೆಸರಿನಲ್ಲಿ ಸಾಲು ಸಾಲು ಎಳೆದಾಡಿದರು. ಮೂರು ಎಕರೆ ಮುಗಿಯುವಷ್ಟರಲ್ಲಿ ಮತ್ತೆ ಮಳೆ ಬಂತು. ಆ ವರ್ಷ ಗೊನೆ ಎಷ್ಟು ಉಳಿಯಿತು ಎಂದು ಬರೆಯಲು ಮನಸ್ಸಿಲ್ಲ. ಹಪ್ತೆ ಮಾತ್ರ ಉಳಿಯಿತು.

ಅಂದಿನಿಂದ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿದೆ. ಹೊಲದ ಕೆಲಸ ಎರಡು ಥರ. ನೇಗಿಲು ಹೊಡೆಯುವುದು, ಗೊಬ್ಬರ ಸಾಗಿಸುವುದು ನಾಲ್ಕು ದಿನ ಕಾಯುತ್ತವೆ. ಅದಕ್ಕೆ ಊರಿನ ದೊಡ್ಡ ಗಾಡಿ ಬಾಡಿಗೆಗೆ ಸಾಕು. ಸಿಂಪಡಣೆ ಒಂದು ದಿನವೂ ಕಾಯುವುದಿಲ್ಲ. ಆದ್ದರಿಂದ ಸ್ವಂತ ಗಾಡಿಯ ಸೈಜನ್ನು ಕಾಯದ ಕೆಲಸ ನೋಡಿ ಆರಿಸಬೇಕು. ನಮ್ಮಲ್ಲಿ ಬಹಳ ಮಂದಿ ವರ್ಷಕ್ಕೊಮ್ಮೆ ಹೊಡೆಯುವ ನೇಗಿಲು ನೋಡಿ ಆರಿಸುತ್ತಾರೆ. ಟ್ರಾಲಿಗೆ ಬೇಕಲ್ಲ ಎನ್ನುತ್ತಾರೆ. ವರ್ಷಕ್ಕೆ ಎಷ್ಟು ಟ್ರಾಲಿ ಹೊಡೀತೀರಿ ಎಂದರೆ ಉತ್ತರ ಬರುವುದಿಲ್ಲ.

ಹಾಗಂತ ಎಲ್ಲಕ್ಕಿಂತ ಸಣ್ಣದನ್ನು ತಂದರೆ ಕೆಲಸ ಆಗುತ್ತದೆ ಅಂತಲೂ ಇಲ್ಲ. ಮಹೀಂದ್ರಾ ಯುವರಾಜ್ 215, ಸ್ವರಾಜ್ 717 ಸುಮಾರು 15 ಎಚ್‌ಪಿಯ, ಒಂದೇ ಸಿಲಿಂಡರಿನ ಗಾಡಿಗಳು. ಹರಗುವುದಕ್ಕೆ, ಸಣ್ಣ ಟ್ಯಾಂಕಿಗೆ, ಮನೆ ಕೆಲಸಕ್ಕೆ ಒಳ್ಳೆಯವು, ಡೀಸೆಲ್ ಕಡಿಮೆ. ಅದಕ್ಕೆ ದೊಡ್ಡ ಪಂಖಾದ ಬ್ಲೋವರ್ ಕಟ್ಟಿ ನೋಡಿರಿ, ಟ್ಯಾಂಕ್ ತುಂಬಿ ಏರಿನ ಕಡೆ ಹೊರಟಾಗ ಇಂಜಿನ್ ಕುಸಿಯುತ್ತದೆ, ಪಂಖಾ ಮಂದವಾಗುತ್ತದೆ, ಔಷಧಿ ಎಲೆಯ ಮೇಲ್ಮೈಗೆ ಬೀಳುತ್ತದೆ ಹೊರತು ಒಳಗಿನ ಗೊನೆಗೆ ಮುಟ್ಟುವುದಿಲ್ಲ. ಒಂದು ಲೀಟರ್ ನೀರು ಒಂದು ಕಿಲೋ ಎಂಬುದನ್ನು ನಾವು ಮರೆಯುತ್ತೇವೆ. 400 ಲೀಟರಿನ ಟ್ಯಾಂಕ್ ಅಂದರೆ ನಾಲ್ಕು ಕ್ವಿಂಟಲ್, ಮೇಲೆ ಯಂತ್ರದ ತೂಕ ಬೇರೆ. 24 ಎಚ್‌ಪಿಯ ಮಹೀಂದ್ರಾ ಜೀವೋ 245 ಮತ್ತು ಕುಬೋಟಾ ಬಿ2441 ಗಾಡಿಗಳ ಲಿಫ್ಟು ಎತ್ತುವುದು ಸುಮಾರು 750 ಕಿಲೋ. ಅಂಥದಕ್ಕೂ ಹಿಂದೆ ಭಾರ ಹೆಚ್ಚಾದರೆ ಒಡ್ಡು ಏರುವಾಗ ಮುಂದಿನ ಗಾಲಿ ಹಗುರಾಗುತ್ತದೆ. ಮುಂದೆ ತೂಕದ ಪ್ಲೇಟ್ ಕೇಳಿ ಹಾಕಿಸಿಕೊಳ್ಳಬೇಕು, ಇಲ್ಲವೇ ಎಳೆಯುವ ಟ್ಯಾಂಕ್ ತಗೋಬೇಕು. ಸಾಲಿನಲ್ಲಿ ಹೋಗಲೆಂದು ಇವುಗಳ ಗಾಲಿಯ ಅಂತರ ಕಡಿಮೆ ಇರುತ್ತದೆ. ಒಡ್ಡಿನ ಮೇಲೆ ಅಡ್ಡಡ್ಡ ಓಡಿಸಿದರೆ ಮಗುಚುವ ಭಯವೂ ಅಷ್ಟೇ ಜಾಸ್ತಿ.

ಇನ್ನೊಂದು ಗೋಳು ಎಚ್‌ಪಿಯದು. ಬಾನೆಟ್ ಮೇಲೆ ಬರೆದದ್ದು ಇಂಜಿನ್ನಿನ ಎಚ್‌ಪಿ. ಬ್ಲೋವರ್, ರೋಟರ್, ಹುಲ್ಲು ಕತ್ತರಿಸುವ ಯಂತ್ರ ಇವೆಲ್ಲ ತಿರುಗುವುದು ಹಿಂದಿನ ಪಿಟಿಓ ದಂಡದಿಂದ. ಅಲ್ಲಿಗೆ ಬರುವ ಹೊತ್ತಿಗೆ ನೂರಕ್ಕೆ ಹತ್ತು-ಹದಿನೈದು ಪಾಲು ಕಡಿಮೆಯಾಗಿರುತ್ತದೆ. ಮಧ್ಯಪ್ರದೇಶದ ಬುಧನಿಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷೆ ಮಾಡಿ ವರದಿ ಕೊಡುತ್ತದೆ. ಪಿಟಿಓ ಶಕ್ತಿ, ಡೀಸೆಲ್ ಖರ್ಚು, ಲಿಫ್ಟು ಎಲ್ಲ ಅದರಲ್ಲಿರುತ್ತದೆ. ಕೊಟೇಶನ್ ಜೊತೆ ಆ ವರದಿಯನ್ನೂ ತೋರಿಸ್ರಿ ಎಂದು ಕೇಳುವ ಹಕ್ಕು ನಿಮಗಿದೆ.

ರೋಟರ್‌ಗೆ ಒಂದು ಅಡಿ ಅಗಲಕ್ಕೆ 6ರಿಂದ 8 ಎಚ್‌ಪಿ ಎಂಬುದು ನಡೆದು ಬಂದ ಲೆಕ್ಕ. 24 ಎಚ್‌ಪಿಗೆ ಮೂರು ಅಡಿಯದು ಸರಿ, ನಾಲ್ಕಡಿಯದನ್ನು ಕಟ್ಟಿ ಇಂಜಿನ್ ಕೊಲ್ಲಬೇಡಿ. ದಾಳಿಂಬೆಯವರಿಗೆ ಸಾಲು ಅಗಲ, ಅವರಿಗೆ ಹುಲ್ಲು ಕೊಯ್ಯುವುದೇ ದೊಡ್ಡ ಕೆಲಸ, ಅವರು 27-28 ಎಚ್‌ಪಿವರೆಗೆ ನೋಡಬಹುದು. ಹುಲ್ಲಿನ ಯಂತ್ರ ನಮ್ಮ ಮುರುಮಿನ ಹೊಲದಲ್ಲಿ ಹರಳನ್ನು ಗುಂಡಿನಂತೆ ಹಾರಿಸುತ್ತದೆ, ಹುಡುಗರನ್ನು ಹತ್ತಿರ ಬಿಡಬಾರದು. ಅಕ್ಕಲಕೋಟ ಕಡೆಯ ತೊಗರಿ ಹೊಲದವರಿಗೆ ನನ್ನ ಈ ಲೆಕ್ಕ ಪೂರಾ ಹೊಂದುವುದಿಲ್ಲ, ಅವರಿಗೆ ಸಾಲಿನ ಇಕ್ಕಟ್ಟೇ ಇಲ್ಲ.

ಈಗ ರೊಕ್ಕದ ಮಾತು. ಬಿಕಾಂ ಓದಿದವನಿಗೆ ಇದನ್ನು ಬಿಟ್ಟರೆ ಮತ್ತೇನು ಬರುತ್ತದೆ ಎಂದು ಮಾವ ಚೇಷ್ಟೆ ಮಾಡುತ್ತಾರೆ. ಸಣ್ಣ ಗಾಡಿ, ಬ್ಲೋವರ್, ರೋಟರ್ ಎಲ್ಲ ಸೇರಿ ಉದಾಹರಣೆಗೆ 8 ಲಕ್ಷ ಎಂದು ಹಿಡಿಯೋಣ. ಕೈಯಿಂದ 2 ಲಕ್ಷ, ಸಾಲ 6 ಲಕ್ಷ, ಬಡ್ಡಿ 11 ಪರ್ಸೆಂಟ್, ಐದು ವರ್ಷ. ಆರು ತಿಂಗಳಿಗೊಮ್ಮೆ ಹಪ್ತೆ ಸುಮಾರು 79,600 ರೂಪಾಯಿ, ವರ್ಷಕ್ಕೆ 1,59,200. ಮೂರು ಎಕರೆ ಪಡಕ್ಕೆ ಹಂಗಾಮಿಗೆ 50 ಸಲ ಸಿಂಪಡಣೆ, ಸಲಕ್ಕೆ ಎರಡು ತಾಸು ಎಂದರೆ 100 ತಾಸು. ಹರಗುವುದು, ಹುಲ್ಲು ಕೊಯ್ಯುವುದು 50 ತಾಸು. ಒಟ್ಟು 150 ತಾಸಿಗೆ ಹಂಚಿದರೆ ತಾಸಿಗೆ 1,061 ರೂಪಾಯಿ ಬರೀ ಹಪ್ತೆ. ಡೀಸೆಲ್, ಡ್ರೈವರ್, ರಿಪೇರಿ ಇನ್ನೂ ಹೊರಗೆ. ಗಾಡಿ ಸರಿಯಾದ ಸೈಜಿನದಾದರೂ ಮೂರು ಎಕರೆಯ ಮನೆಗೆ ಇದು ಭಾರವೇ.

ಅದೇ ಎರಡು ತಾಸಿನ ಲೆಕ್ಕ ತಿರುಗಿಸಿ ನೋಡಿದರೆ ದಾರಿ ಕಾಣುತ್ತದೆ. ಒಂದು ಗಾಡಿ ಮಳೆ ನಿಂತ ದಿನ ಆರು ತಾಸಿನಲ್ಲಿ 9 ಎಕರೆ ಮುಗಿಸುತ್ತದೆ. ಅಂದರೆ ಮಗ್ಗುಲ ಮಗ್ಗುಲ ಪಡ ಇರುವ ಮೂರು ಮನೆ ಒಂದೇ ಗಾಡಿಯಲ್ಲಿ ಕಾಯದ ಕೆಲಸವನ್ನು ಒಂದೇ ದಿನ ಮಾಡಬಹುದು. ಒಬ್ಬೊಬ್ಬರಿಗೆ ವರ್ಷಕ್ಕೆ 53,000 ಚಿಲ್ಲರೆ ಹಪ್ತೆ. ನಾಲ್ಕನೆಯ ಮನೆ ಸೇರಿಸಬೇಡಿ. ಸಂಜೆಯಾಗುತ್ತದೆ, ಜಗಳ ಶುರುವಾಗುತ್ತದೆ. ಅಣ್ಣತಮ್ಮಂದಿರಲ್ಲೇ ಹೊಂದಿಕೆ ಇಲ್ಲದ ಕಾಲದಲ್ಲಿ ಪಾಲುಗಾರಿಕೆ ಎಲ್ಲಿಯದು ಎಂದು ಕೇಳುವವರುಂಟು. ಗಾಡಿ ಯಾರ ಹೆಸರಿಗೆ, ಮೊದಲ ಸರದಿ ಯಾರದು, ಟೈರ್ ಹೋದರೆ ಯಾರು ಕೊಡಬೇಕು ಎಂದು ಖರೀದಿಗೆ ಮುಂಚೆಯೇ ಬರೆದುಕೊಂಡರೆ ಅರ್ಧ ಜಗಳ ಇಲ್ಲ. ಸಬ್ಸಿಡಿ ಬೇಕಾದವರು ಮಹಾಡಿಬಿಟಿಯಲ್ಲಿ ಅರ್ಜಿ ಹಾಕಿ ಪೂರ್ವಸಮ್ಮತಿ ಪತ್ರ ಬಂದ ಮೇಲೆಯೇ ಗಾಡಿ ತರಬೇಕು. ಮೊದಲು ತಂದು ಆಮೇಲೆ ಅರ್ಜಿ ಹಾಕಿದರೆ ನಡೆಯುವುದಿಲ್ಲ.

ಶೋರೂಮಿನವರಿಗೂ ಕೃಷಿ ಇಲಾಖೆಯವರಿಗೂ ನನ್ನ ಬೇಡಿಕೆ ದೊಡ್ಡದಲ್ಲ. ಡೆಮೋ ಎಂದು ಸಂತೆ ಮೈದಾನದಲ್ಲಿ ಖಾಲಿ ಗಾಡಿ ಓಡಿಸಿ ತೋರಿಸಬೇಡಿ. ಗಿರಾಕಿಯ ಪಡಕ್ಕೇ ತನ್ನಿ, ಟ್ಯಾಂಕ್ ತುಂಬಿ, ಇಕ್ಕಟ್ಟಿನ ಸಾಲಿನಲ್ಲಿ ಹೋಗಿ ತಿರುಗಿಸಿ ತೋರಿಸಿ. ತಾಲ್ಲೂಕಿನ ಪೂರ್ವ ಭಾಗದ ಹಿರಿಯರಿಗೆ ಮರಾಠಿ ಮಾತು ಬರುತ್ತದೆ, ಕಾಗದ ಬರುವುದಿಲ್ಲ. ಕೊಟೇಶನ್ನು, ಸಾಲದ ಷರತ್ತು ಒಂದು ಪುಟ ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಎಷ್ಟು ಖರ್ಚಾದೀತು?

ಮಾವ 2023ರಲ್ಲಿ ಹಳೇ ಸಾಲದ ಕೊನೆ ಹಪ್ತೆ ಕಟ್ಟಿ, ಗಾಡಿ ಮಾರಿ, ಮಗ್ಗುಲಿನ ಎರಡು ಮನೆಯವರ ಜೊತೆ ಸೇರಿ 24 ಎಚ್‌ಪಿಯದು ತಂದರು. ಈ ಸಲ ಶೋರೂಮಿಗೆ ಹೋಗುವಾಗ ಕಿಸೆಯಲ್ಲಿ ಅಳತೆ ಟೇಪು ಇತ್ತು. ಕೀಲಿ ಅವರ ಮನೆಯ ಗೂಟಕ್ಕೆ ಇರುತ್ತದೆ, ತಾಸಿನ ಡೈರಿ ನನ್ನ ಹತ್ತಿರ. ಮಳೆ ಬಂದ ಮರುದಿನ ಮೊದಲ ಸರದಿ ಯಾರದೆಂದು ಕೇಳಲು ಬೆಳಿಗ್ಗೆ ಐದಕ್ಕೇ ಮೂರು ಮನೆಯಿಂದಲೂ ನನಗೆ ಫೋನ್ ಬರುತ್ತದೆ.