ಅಡುಗೆಮನೆಯ ಬಿಯರು: ಎಲ್ಲಿಯವರೆಗೆ?

ಬೆಂಗಳೂರಿನಲ್ಲಿ ಓದುತ್ತಿರುವ ಹೆಗ್ಗದ್ದೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ಕೇಳಿದ: "ಸರ್, ಒಂದು ದಪ್ಪ ತಳದ ಪಾತ್ರೆ, ಒಂದು ಬಟ್ಟೆ, ಒಂದು ಬಕೆಟ್ಟು ಇದ್ದರೆ ಮನೆಯಲ್ಲೇ ಬಿಯರು ಮಾಡಬಹುದಂತೆ, ನಿಜವೇ?" ನಿಜ. ಆದರೆ ಅಷ್ಟಕ್ಕೇ ಸುಮ್ಮನಾದರೆ ಅರ್ಧ ವಿಜ್ಞಾನವನ್ನಷ್ಟೇ ಹೇಳಿದಂತಾಗುತ್ತದೆ.

ಬಿಯರಿನ ಮೂಲದ್ರವ್ಯ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ಈ ವಿದ್ಯೆ ನಮ್ಮ ಅಜ್ಜಿಯರಿಗೆ ಹೊಸದಲ್ಲ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಎರಡು ದಿನ ಮೊಳಕೆ ಬರಿಸಿ, ಒಣಗಿಸಿ, ಬೇರು ಉಜ್ಜಿ ತೆಗೆದು, ಬೀಸಿ ಕೂಸಿಗೆ ಗಂಜಿ ಕಾಯಿಸುತ್ತಿದ್ದರು. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. 'ಕಿಣ್ವ' ಎಂಬ ಪದವೇ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯ ಹುದುಗಿಗೆ ಇದ್ದ ಹೆಸರು. ಸಿಕ್ಕಿಂ, ನೇಪಾಳಗಳಲ್ಲಿ ರಾಗಿಯನ್ನೇ ಬೇಯಿಸಿ, ಹುದುಗು ಬರಿಸಿ ಛಾಂಗ್ ಮಾಡುತ್ತಾರೆ.

ಈ ಕಿಣ್ವ ಚೆನ್ನಾಗಿ ಕೆಲಸ ಮಾಡುವುದು 60ರಿಂದ 70 ಡಿಗ್ರಿ ಸೆಲ್ಸಿಯಸ್ ನಡುವೆ. ಕುದಿಸಿದರೆ ನಾಶವಾಗುತ್ತದೆ. ಉಷ್ಣಮಾಪಕ ಬೇಕಿಲ್ಲ: ಎರಡು ಚೆಂಬು ಕುದಿನೀರಿಗೆ ಒಂದು ಚೆಂಬು ತಣ್ಣೀರು ಬೆರೆಸಿ, ಬಿಸಿಲಲ್ಲಿ ಒಣಗಿಸಿದ, ಹುರಿಯದ ಮೊಳಕೆರಾಗಿ ಹಿಟ್ಟನ್ನು ಕದಡಿದರೆ ಹದ ಸುಮಾರು ಅಲ್ಲಿಗೇ ಬರುತ್ತದೆ. ಪಾತ್ರೆಗೆ ಕಂಬಳಿ ಸುತ್ತಿ ಒಂದು ಗಂಟೆ ಬಿಟ್ಟು ರುಚಿ ನೋಡಿ. ಬೆಲ್ಲ ಹಾಕದೆಯೇ ಸಿಹಿ. ಸೋಸಿ, ಕುದಿಸಿ, ಅಂದೇ ಕುಡಿಯಬೇಕು. ಉಳಿದ ಚರಟ ಹಸುವಿಗೆ.

ಇದಕ್ಕೆ ಯೀಸ್ಟ್ ಸೇರಿಸಿ ದಿನಗಟ್ಟಲೆ ಇಟ್ಟರೆ ಸಕ್ಕರೆ ಮದ್ಯಸಾರವೂ ಇಂಗಾಲದ ಡೈಆಕ್ಸೈಡೂ ಆಗುತ್ತದೆ. ನಾವು ನಿಲ್ಲಬೇಕಾದ ಹೊಸ್ತಿಲು ಅದೇ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು ಕಾನೂನು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಕೊಡಗಿನಲ್ಲಿ ಮನೆವೈನು ಇಲ್ಲವೇ ಎಂದು ಕೇಳುವವರಿದ್ದಾರೆ. ರೂಢಿಯೇ ಪರವಾನಗಿಯಾಗುವುದಿಲ್ಲ, ಕೇಸು ಬಿದ್ದರೆ ಮೊದಲು ಸಿಕ್ಕಿಬೀಳುವವರು ತೋಟದ ಲೈನುಮನೆಯವರೇ ಹೊರತು ಬಂಗಲೆಯವರಲ್ಲ.

ಎರಡನೆಯದು ಆ ಲೈನುಮನೆಗಳ ಹೆಂಗಸರು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೊಂದದ್ದು ಬೆರಕೆಯಾದ ಮೆಥನಾಲ್, ಧಾನ್ಯದ ಹುದುಗಲ್ಲ. ಆದರೂ ಕೊಳೆ ಹಾಕಲು ಕಲಿತ ಕೈ ಭಟ್ಟಿ ಇಳಿಸಲು ಕಲಿಯುವುದಕ್ಕೆ ಬಹಳ ದಿನ ಬೇಡ. ಕುಡಿತದಿಂದ ಕೂಲಿ ಕಳೆದುಕೊಂಡ ಮನೆಗೆ ಇನ್ನೊಂದು ಮಡಕೆ ಬೇಕಿಲ್ಲ.

ಮೂರನೆಯದು ಆನೆ. ಕಳಿತ ಹಲಸಿನ ವಾಸನೆಗೆ ಅಂಗಳಕ್ಕೆ ಬರುವ ಪ್ರಾಣಿಗೆ, ಹುದುಗಿದ ಧಾನ್ಯದ ಬಕೆಟ್ಟು ಹಿತ್ತಿಲ ಗೋಡೆಯಾಚೆಗಿದ್ದರೆ ಗೋಡೆ ಲೆಕ್ಕಕ್ಕಿಲ್ಲ. ಸಕಲೇಶಪುರ, ಆಲೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಿದ್ಯಾರ್ಥಿಗಳೇ, ಕುತೂಹಲ ಬಿಡಬೇಡಿ. ಬಾರ್ಲಿ ಉತ್ತರ ಭಾರತದಿಂದ ಬರಬೇಕು. ರಾಗಿ ನಮ್ಮ ಜಿಲ್ಲೆಯ ಬಯಲುಭಾಗದಿಂದಲೇ ಸಂತೆಗೆ ಬರುತ್ತದೆ. ಒಂದು ಸೇರು ತಂದು ಮೊಳಕೆ ಕಟ್ಟಿ, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಿಹಿಯಾಗುವವರೆಗಿನ ವಿದ್ಯೆ ಊರಿನದು. ಅದು ಮೊದಲು ಉಳಿಯಲಿ.